ಜೀಪಿನ ಮುಂದಿನ ಹಬ್: ಫ್ಲೇಂಜ್ ಗಟ್ಟಿ ಮಾಡಿಸುವುದಾ, ಗ್ರೀಸ್ ಬಿಟ್ಟು ಆಯಿಲ್ ಹಾಕುವುದಾ?

ಕಾರ್ಕಳದಿಂದ ಕೇಳಿದ್ದು:

ನನ್ನದು ಹಳೆ ಮಹೀಂದ್ರ ಜೀಪ್, ಫೋರ್ ವೀಲ್. ತೋಟಕ್ಕೆ ಹೋಗಬೇಕಾದರೆ ಎರಡು ಕಡೆ ಹೊಳೆ ದಾಟಬೇಕು. ಫೋರ್ ವೀಲ್ ಹಾಕಿ ಹಿಂದೆ ಮುಂದೆ ಮಾಡಿದರೆ ಮುಂದಿನ ಬಲ ಚಕ್ರದಲ್ಲಿ ‘ಟಕ್’ ಅಂತ ಶಬ್ದ. ಹಬ್, ಅಂದರೆ ಚಕ್ರದ ನಡುವಿನ ಬೇರಿಂಗ್ ಕೂರುವ ಭಾಗ, ಬಿಚ್ಚಿ ನೋಡಿದೆ. ಡ್ರೈವ್ ಫ್ಲೇಂಜಿನ (ಆಕ್ಸಲ್ ಶಾಫ್ಟಿನ ಎಳೆತವನ್ನು ಹಬ್‌ಗೆ ಕೊಡುವ ತಟ್ಟೆ) ಒಳಗಿನ ಹಲ್ಲು ಸವೆದಿದೆ, ಕೆಂಪು ಪುಡಿ ಉದುರುತ್ತಿದೆ. ಬೇರಿಂಗ್ ಗ್ರೀಸ್ ಮಜ್ಜಿಗೆ ಹಾಗೆ ಬೆಳ್ಳಗಾಗಿದೆ. ಒಬ್ಬರು ಗಟ್ಟಿ ಉಕ್ಕಿನ ಫ್ಲೇಂಜ್ ಮಾಡಿಸಿ ಅಂತಾರೆ. ಇನ್ನೊಬ್ಬರು ಗ್ರೀಸ್ ಬಿಡಿ, ಆಕ್ಸಲ್ ಆಯಿಲನ್ನೇ ಹಬ್‌ಗೆ ಬಿಡಿ ಅಂತಾರೆ. ಮಾಡಿ ನೋಡಿದವರು ಯಾರಾದರೂ ಇದ್ದೀರಾ?

ಉಡುಪಿಯಿಂದ:

ಫ್ಲೇಂಜ್ ವಿಷಯ ಆಮೇಲೆ ನೋಡುವ ಮಾರಾಯ್ರೆ. ಮೊದಲು ಆ ಬಿಳಿ ಗ್ರೀಸ್. ಅದು ನೀರು ಹೊಕ್ಕ ಗುರುತು.

ಅರ್ಧ ಗಂಟೆ ಓಡಿದ ಮೇಲೆ ಹಬ್ ಬಿಸಿ ಇರುತ್ತದೆ. ಅದೇ ಬಿಸಿಯಲ್ಲಿ ಹೊಳೆಗೆ ಇಳಿಸಿದರೆ ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗುತ್ತದೆ, ಸೀಲಿನ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಆ ಸೀಲ್ ಇರುವುದು ಗ್ರೀಸ್ ಹೊರಗೆ ಬಾರದ ಹಾಗೆ ತಡೆಯಲು. ಹೊರಗಿನ ನೀರನ್ನು ತಡೆಯುವ ಶಕ್ತಿ ಅದಕ್ಕೆ ಅಷ್ಟಿಲ್ಲ. ನಾನೀಗ ಹೊಳೆ ಬದಿಯಲ್ಲಿ ಹತ್ತು ನಿಮಿಷ ನಿಲ್ಲಿಸಿಯೇ ಇಳಿಸುವುದು. ಹಾಕುವಾಗ ಎರಡು ತುಟಿಯ ಸೀಲ್ ಕೇಳಿ. ಸೀಲ್ ಕೂರುವ ಜಾಗವನ್ನು ಉಗುರಿನಿಂದ ಕೆರೆದು ನೋಡಿ. ಗೀರು ಸಿಕ್ಕಿದರೆ ಎಷ್ಟು ಹೊಸ ಸೀಲ್ ಹಾಕಿದರೂ ನೀರು ಬಂದೇ ಬರುತ್ತದೆ.

ಗ್ರೀಸ್ ವಿಷಯದಲ್ಲಿ ನಾನು ಮಾಡಿದ ಪೆದ್ದುತನ ಹೇಳುತ್ತೇನೆ. ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಬೀಳುವ ಊರು ನಮ್ಮದು. ದೋಣಿಗೆ ಆಗುವ ಗ್ರೀಸ್ ಜೀಪಿಗೆ ಆಗದಾ ಅಂತ ಮಲ್ಪೆಯಿಂದ ಹಳದಿ ಗ್ರೀಸ್ ತಂದು ತುಂಬಿಸಿದೆ. ಎರಡು ತಿಂಗಳು ಬಹಳ ಖುಷಿ. ಹೊಳೆಗೆ ಇಳಿಸಿ ಬಂದರೂ ಒಂದು ಹನಿ ನೀರಿಲ್ಲ. ಆಮೇಲೊಂದು ದಿನ ತೀರ್ಥಹಳ್ಳಿಯಿಂದ ಬರುವಾಗ ಆಗುಂಬೆ ಘಾಟಿಯ 14 ತಿರುವುಗಳನ್ನೂ ಬ್ರೇಕ್ ಮೇಲೇ ಇಳಿದೆ. ಸೋಮೇಶ್ವರ ಮುಟ್ಟುವಾಗ ಮುಂದಿನ ಚಕ್ರದಲ್ಲಿ ಹೊಗೆ. ಬ್ರೇಕ್ ಡ್ರಮ್ಮಿನ ಬಿಸಿ ಹಬ್‌ಗೆ ಹತ್ತಿ ಗ್ರೀಸ್ ತುಪ್ಪದ ಹಾಗೆ ಕರಗಿ ಬ್ರೇಕ್ ಲೈನರ್ ಮೇಲೆ ಇಳಿದಿತ್ತು. ಅದು ಸಾದಾ ಕ್ಯಾಲ್ಸಿಯಂ ಗ್ರೀಸ್. ನೀರಿಗೆ ಜಗ್ಗುವುದಿಲ್ಲ, ಆದರೆ 100 ಡಿಗ್ರಿ ಆಸುಪಾಸಿನಲ್ಲೇ ಕರಗಿ ಹೋಗುತ್ತದೆ. ಚಕ್ರದ ಬೇರಿಂಗ್‌ಗೆ ಲಿಥಿಯಂ ಕಾಂಪ್ಲೆಕ್ಸ್ ಬೇಕು, 200 ಡಿಗ್ರಿ ದಾಟಿದರೂ ಅದು ಕರಗುವುದಿಲ್ಲ. ಡಬ್ಬಿ ಮೇಲೆ ಎನ್‌ಎಲ್‌ಜಿಐ 2 ಅಂತ ಇರಲಿ, ಅದು ಗ್ರೀಸ್ ಎಷ್ಟು ಗಟ್ಟಿ ಅನ್ನುವ ಅಳತೆ. ಕ್ಯಾಲ್ಸಿಯಂ ಸಲ್ಫೋನೇಟ್ ಅಂತ ಇನ್ನೊಂದು ಉಂಟು. ಹೆಸರಲ್ಲಿ ಕ್ಯಾಲ್ಸಿಯಂ ಇದ್ದರೂ ಜಾತಿಯೇ ಬೇರೆ. ನೀರು, ಬಿಸಿ ಎರಡಕ್ಕೂ ಆಗುತ್ತದೆ, ದುಡ್ಡು ಜಾಸ್ತಿ. ನಿಮ್ಮ ಹಾಗೆ ವಾರವಾರ ಹೊಳೆ ದಾಟುವವರಿಗೆ ನಾನು ಹೇಳುವುದು ಅದನ್ನೇ.

ಯಾವುದನ್ನೇ ಹಾಕಿ, ಹಳೆಯದರ ಮೇಲೆ ಮಾತ್ರ ಬೇಡ. ಎರಡು ಜಾತಿ ಗ್ರೀಸ್ ಸೇರಿದರೆ ಎರಡೂ ಕೆಡಬಹುದು. ಬೇರಿಂಗನ್ನು ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ಪೂರ್ತಿ ತೊಳೆದು ಒಣಗಿಸಿ. ಏರ್ ಹೊಡೆದು ಗಿರ್ರನೆ ತಿರುಗಿಸುವುದು ಬೇಡ, ಮಜಾ ಇರುತ್ತದೆ, ಆದರೆ ರೋಲರ್ ಹಾಳು. ಕೋನ್ (ಬೇರಿಂಗಿನ ಒಳ ಬಳೆ) ಮೇಲೆ ನೀಲಿ ಕಲೆಯೋ ಕಪ್ ಅನ್ನುವ ಹೊರ ಬಳೆಯ ಮೇಲೆ ಸಣ್ಣ ಕುಳಿಯೋ ಕಂಡರೆ ಎರಡನ್ನೂ ಜೋಡಿಯಾಗಿ ಬದಲಿಸಿ. ಅಂಗೈಯಲ್ಲಿ ಗ್ರೀಸ್ ಇಟ್ಟು ಬೇರಿಂಗಿನ ಅಗಲದ ಬಾಯಿಯಿಂದ ಒತ್ತಿ, ಆಚೆ ಕಡೆಯಿಂದ ಹೊರಗೆ ಬರುವ ತನಕ. ಹಬ್ ಒಳಗೆ ಅರ್ಧ ಸಾಕು. ಪೂರ್ತಿ ತುಂಬಿದರೆ ಬಿಸಿಗೆ ಹಿಗ್ಗಿ ಸೀಲನ್ನೇ ತಳ್ಳುತ್ತದೆ.

ಹಬ್ ನಟ್ ಬಿಗಿಯುವಾಗ ಚಕ್ರ ತಿರುಗಿಸುತ್ತಾ, ಅದು ಹಿಡಿಯುವ ತನಕ ಬಿಗಿದು, ಆರನೇ ಒಂದು ಸುತ್ತು ಹಿಂದೆ ಬಿಡಿ. ಲಾಕ್ ವಾಷರ್, ಹೊರಗಿನ ನಟ್ ಹಾಕಿದ ಮೇಲೆ ಇನ್ನೊಮ್ಮೆ ಅಲುಗಿಸಿ ನೋಡಿ, ಹೊರಗಿನದ್ದು ಬಿಗಿದಾಗ ಲೆಕ್ಕ ತಪ್ಪುವುದುಂಟು.

ಇನ್ನು ಫ್ಲೇಂಜ್. ಸವೆದದ್ದನ್ನು ಬದಲಿಸಲೇಬೇಕು, ಆದರೆ ಶಾಫ್ಟಿಗಿಂತ ಗಟ್ಟಿ ಉಕ್ಕಿನದ್ದು ಯಾಕೆ? ಆಗ ಶಾಫ್ಟಿನ ಹಲ್ಲು ಸವೆಯುತ್ತದೆ, ಇಲ್ಲವೇ ಒಳಗಿನ ಜಾಯಿಂಟ್ ಮುರಿಯುತ್ತದೆ. ಫ್ಲೇಂಜ್ ಆರು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಶಾಫ್ಟ್ ಹಾಗಲ್ಲ, ಅದಕ್ಕೆ ಹಬ್ಬನ್ನೇ ಇಳಿಸಬೇಕು. ಮುರಿಯುವುದಾದರೆ ಅಗ್ಗದ್ದೇ ಮುರಿಯಲಿ ಅಲ್ವಾ? ಮೊದಲು ಶಾಫ್ಟಿನ ತುದಿಯ ಹಲ್ಲನ್ನು ನೋಡಿ. ಅದೂ ಸವೆದಿದ್ದರೆ ಹೊಸ ಫ್ಲೇಂಜ್ ಹಾಕಿಯೂ ಟಕ್ ಶಬ್ದ ಹೋಗುವುದಿಲ್ಲ. ಕೆಂಪು ಪುಡಿ ಬರುವುದು ಒಣ ಹಲ್ಲಿಗೆ ಹಲ್ಲು ಉಜ್ಜಿ. ಕೂರಿಸುವಾಗ ಅಲ್ಲಿಗೂ ಗ್ರೀಸ್ ಮೆತ್ತಿ.

ಆಯಿಲ್ ಹಾಕುವ ಮಾತು ಲ್ಯಾಂಡ್ ರೋವರ್ ಕಡೆಯಿಂದ ಬಂದಿರಬೇಕು. ಹಳೆ ಲ್ಯಾಂಡ್ ರೋವರ್‌ಗಳ ಹಬ್‌ಗೆ ಆಕ್ಸಲ್ ಆಯಿಲೇ ಹೋಗುತ್ತಿತ್ತು. ಮುಂದೆ ಡಿಫೆಂಡರ್‌ಗಳಲ್ಲಿ ಗ್ರೀಸ್ ಬಂತು, ಫ್ಲೇಂಜಿನ ಹಲ್ಲು ಒಣಗಿ ಸವೆಯತೊಡಗಿತು. ಹಾಗಾಗಿ ಅಲ್ಲಿ ಕೆಲವರು ಒಳಗಿನ ಸೀಲ್ ತೆಗೆದು ಮತ್ತೆ ಆಯಿಲ್ ಬಿಡುತ್ತಾರೆ. ಅದರಲ್ಲಿ ಅರ್ಥ ಉಂಟು. ಆದರೆ ನಮ್ಮ ಹಳೆ ಜೀಪಿನ ಮುಂದಿನ ಆಕ್ಸಲಿನಲ್ಲಿ ನಡುವೆ ಗುಂಡು ನಕಲ್ (ಚಕ್ರ ಎಡಬಲ ತಿರುಗುವ ಕೀಲಿನ ಕವಚ) ಇದೆ. ಸೀಲ್ ತೆಗೆದರೆ ಆಯಿಲ್ ಮೊದಲು ಆ ಗುಂಡಿಗೆ ತುಂಬಿ, ಅದರ ಹಿಂದಿನ ಫೆಲ್ಟ್‌ನಿಂದ ಸೋರುತ್ತದೆ. ಉಳಿದದ್ದು ಹಬ್ ಸೀಲ್ ದಾಟಿದರೆ ಸೀದಾ ಬ್ರೇಕ್ ಲೈನರ್‌ಗೆ. ಘಾಟಿ ಇಳಿಯುವ ಗಾಡಿಗೆ ಇದು ಬೇಡ.

ಕುಂದಾಪುರದಿಂದ:

ನಮ್ಮ ಭಾವ ಕೊಲ್ಲೂರಿನಿಂದ ಕೊಡಚಾದ್ರಿಗೆ ಬಾಡಿಗೆ ಓಡಿಸುತ್ತಿದ್ದರು. ಅವರು ಬೀಜಮಂತ್ರದ ಹಾಗೆ ಹೇಳುತ್ತಿದ್ದದ್ದು ಫ್ಲೇಂಜ್ ಬೋಲ್ಟ್. ಎಳೆತ ತಡೆಯುವುದು ಫ್ಲೇಂಜ್ ಮತ್ತು ಹಬ್ಬಿನ ಮುಖ ಬಿಗಿಯಾಗಿ ಕಚ್ಚಿಕೊಂಡದ್ದರಿಂದ. ಬೋಲ್ಟ್ ಸ್ವಲ್ಪ ಸಡಿಲವಾದರೆ ಆರೂ ಒಟ್ಟಿಗೆ ಕತ್ತರಿಸಿ ಹೋಗುತ್ತವೆ. ಮುಖ ಒರೆಸಿ, ತೆಳು ಪೇಪರ್ ಗ್ಯಾಸ್ಕೆಟ್ ಹಾಕಿ, 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿಯಿರಿ.

ಕಾರ್ಕಳದಿಂದ:

ಥ್ಯಾಂಕ್ಸ್ ಅಣ್ಣ. ಶಾಫ್ಟಿನ ಹಲ್ಲು ಚೆನ್ನಾಗಿದೆ, ಸಾದಾ ಫ್ಲೇಂಜೇ ತರುತ್ತೇನೆ. ಇನ್ನೂ ಬಿಚ್ಚದ ಎಡ ಚಕ್ರವನ್ನು ಜ್ಯಾಕ್ ಕೊಟ್ಟು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಪ್ಲೇ ಇದೆ. ಅದೂ ಬೇರಿಂಗಾ?

ಉಡುಪಿಯಿಂದ:

ಮನೆಯವರ ಹತ್ತಿರ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಆಗ ಅಲುಗಿಸಿ. ಪ್ಲೇ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಕಿಂಗ್‌ಪಿನ್, ಅಂದರೆ ಚಕ್ರ ಎಡಬಲ ತಿರುಗುವ ಕೀಲಿನ ಪಿನ್.

ಕಾರ್ಕಳದಿಂದ:

ಒತ್ತಿಸಿ ನೋಡಿದೆ. ಹಾಗೇ ಉಂಟು.

ಉಡುಪಿಯಿಂದ:

ಹಾಗಾದರೆ ಎಡಗಡೆ ಹಬ್ ನಟ್ ಮುಟ್ಟಲು ಹೋಗಬೇಡಿ. ಕಿಂಗ್‌ಪಿನ್ ಶಿಮ್ (ತೆಳು ತಗಡಿನ ಬಿಲ್ಲೆ) ತೆಗೆದು ಸರಿ ಮಾಡಿಸಿ.