ಮಗನ ಭುಜ ಮೊದಲ್ನೇ ಸಲ ಜಾರಿದೆ, ಆಪರೇಷನ್ ಈಗ್ಲೇ ಬೇಕಾ? ಅನುಭವ ಇದ್ದೋರು ಹೇಳಿ

ಮಗನಿಗೆ 17, ಕಾಲೇಜ್ ಟೀಮಲ್ಲಿ ಕಬಡ್ಡಿ ಆಡ್ತಾನೆ. ಹೋದ್ವಾರ ರೈಡಿಗೆ ಹೋದಾಗ ಚಾಚಿದ ಕೈ ಹಿಡಿದು ಎಳೆದ್ರು, ಬಲಭುಜ ಜಾರ್ತು. ಆಸ್ಪತ್ರೇಲಿ ಕೂರಿಸಿ ಬೆಲ್ಟ್ ಹಾಕಿದಾರೆ. ಒಬ್ಬ ಡಾಕ್ಟ್ರು ಫಿಸಿಯೋ ಸಾಕು ಅಂತಾರೆ, ಇನ್ನೊಬ್ರು ಕೀಹೋಲ್ (ಸಣ್ಣ ತೂತಲ್ಲಿ ದೂರ್ಬೀನು ಹಾಕಿ ಮಾಡೋ ಆಪರೇಷನ್) ಮಾಡಿಸಿಬಿಡಿ ಅಂತಾರೆ. ನಮ್ಮಮ್ಮ ನಾಟಿ ಕಟ್ಟು ಹಾಕ್ಸು ಅಂತ ಪಟ್ಟು ಹಿಡಿದಿದಾರೆ.

——

ಸರ್, ನಂಗೆ 19ರಲ್ಲಿ ವಾಲಿಬಾಲ್ ಆಡುವಾಗ ಆಗಿತ್ತು. ಮೂರು ವಾರ ಬೆಲ್ಟ್ ಹಾಕ್ಕೊಂಡೆ, ನೋವು ಹೋಯ್ತಲ್ಲ ಅಂತ ಫಿಸಿಯೋ ಅರ್ಧಕ್ಕೇ ಬಿಟ್ಟೆ, ಎಂಟು ತಿಂಗಳಾದ್ಮೇಲೆ ಬಸ್ಸಲ್ಲಿ ಮೇಲಿನ ಕಂಬಿ ಹಿಡ್ಕೊಂಡು ನಿಂತಿದ್ದೆ, ಡ್ರೈವರ್ ಬ್ರೇಕ್ ಒತ್ತಿದ್ರು ನೋಡಿ, ಟಕ್ ಅಂತ ಮತ್ತೆ ಹೋಯ್ತು. ಮೂರನೇ ಸಲ ನಿದ್ದೇಲಿ ಮಗ್ಗುಲಾಗುವಾಗ! ಆಮೇಲೆ ಎಂಆರ್‌ಐ ಮಾಡಿಸಿದ್ರೆ ಗೊತ್ತಾಯ್ತು, ಭುಜದ ಕೀಲಿನ ಗುಂಡಿ ಅಂಚಲ್ಲಿ ಲೇಬ್ರಂ ಅಂತ ಒಂದು ಪಟ್ಟಿ ಇರತ್ತಂತೆ, ಅದು ಮುಂದ್ಗಡೆ ಕಿತ್ತು ಬಂದಿತ್ತು. ಬ್ಯಾಂಕಾರ್ಟ್ ಅಂತಾರೆ. ದೂರ್ಬೀನು ಹಾಕಿ ಹೊಲಿದ್ರು, ಆಟಕ್ಕೆ ಹೋಗೋಕೆ ಆರು ತಿಂಗಳು ಹಿಡೀತು. ವಯಸ್ಸು ಚಿಕ್ಕದಿದ್ದಷ್ಟೂ ಮತ್ತೆ ಜಾರೋದು ಜಾಸ್ತಿ, ಅದ್ರಲ್ಲೂ ಕಬಡ್ಡಿ. ಜಾರಿದಾಗೆಲ್ಲ ಮೂಳೆನೂ ಸವೀತದೆ, ತುಂಬಾ ಸವೆದ್ರೆ ಬರೀ ಹೊಲಿಗೆ ಸಾಕಾಗಲ್ಲ, ಪಕ್ಕದ ಮೂಳೆ ತುಂಡು ತಂದು ಸ್ಕ್ರೂ ಹಾಕ್ಬೇಕು. ನನ್ನ ಕೇಳಿದ್ರೆ ಮೊದ್ಲು ಎಂಆರ್‌ಐ, ಆಮೇಲೆ ತೀರ್ಮಾನ.

——

ನಾನು ಫಿಸಿಯೋ. ಬೆಲ್ಟ್ ತಿಂಗಳುಗಟ್ಲೆ ಹಾಕಿದ್ರೆ ಗಟ್ಟಿ ಆಗತ್ತೆ ಅನ್ನೋದು ಸುಳ್ಳು, ಕೀಲು ಬಿಗಿಯಾಗತ್ತೆ ಅಷ್ಟೆ. ಹೊರಭುಜದ ಮೇಲೆ, ಶರ್ಟಿನ ತೋಳು ಶುರುವಾಗೋ ಜಾಗ, ಮುಟ್ಟಿ ನೋಡಿ. ಜೋಮು ಇದ್ರೆ ನರಕ್ಕೆ ಪೆಟ್ಟಾಗಿರಬಹುದು, ಡಾಕ್ಟ್ರಿಗೆ ಹೇಳಿ. ಮತ್ತೆ ಜಾರಿದ್ರೂ ಎಕ್ಸ್‌ರೇ ಇಲ್ದೆ ಯಾರಿಗೂ ಎಳೆಯೋಕೆ ಕೊಡ್ಬೇಡಿ. ಅಜ್ಜಿಗೆ ಇದು ಸಮಾಧಾನವಾಗಿ ಹೇಳಿ, ಒಪ್ತಾರೆ.

——

ಎಲ್ರಿಗೂ ಆಪರೇಷನ್ ಬೇಕಂತಿಲ್ಲ ಅಣ್ಣಾ. ನನ್ನ ತಂಗಿಗೆ 26ರಲ್ಲಿ ಸ್ಕೂಟರಿಂದ ಬಿದ್ದು ಆಗಿತ್ತು, ಆಟಗೀಟ ಏನೂ ಇಲ್ಲ, ರಬ್ಬರ್ ಬ್ಯಾಂಡ್ ಹಿಡ್ಕೊಂಡು ನಾಲ್ಕು ತಿಂಗಳು ಬಿಡದೆ ವ್ಯಾಯಾಮ ಮಾಡಿದ್ಳು, ಮೂರು ವರ್ಷ ಆಯ್ತು ಆರಾಮಿದಾಳೆ. ಆದ್ರೆ ನಿಮ್ಮ ಮಗ ಕಬಡ್ಡಿ ಬಿಡಲ್ಲ ಅಂದ್ರೆ ಲೆಕ್ಕ ಬೇರೆನೇ. ಅವ್ನನ್ನೇ ಎದುರಿಗೆ ಕೂರಿಸ್ಕೊಂಡು ಕೇಳಿ.

——

ತುಂಬಾ ಥ್ಯಾಂಕ್ಸ್. ಈಗಷ್ಟೇ ಮುಟ್ಟಿ ನೋಡ್ದೆ, ಜೋಮಿಲ್ಲ. ಎಂಆರ್‌ಐ ಸೋಮವಾರಕ್ಕೆ ಸಿಕ್ಕಿದೆ. ಇನ್ನೊಂದು, ರಾತ್ರಿ ಮಲಗೋಕೇ ಆಗ್ತಿಲ್ಲ ಅವನಿಗೆ, ಶರ್ಟ್ ಹಾಕೋದೂ ಒಂದು ಯುದ್ಧ.

——

ಬೆನ್ನಿಗೆ ಎರಡು ದಿಂಬು ಕೊಟ್ಟು ಅರೆ ಒರಗಿಸಿ, ಮೊಣಕೈ ಕೆಳಗೊಂದು ಟವೆಲ್ ಮಡಚಿಡಿ. ಗುಂಡಿ ಇರೋ ಶರ್ಟೇ ಹಾಕ್ಸಿ. ಹಾಕುವಾಗ ನೋವಿನ ಕೈ ಮೊದ್ಲು, ಬಿಚ್ಚುವಾಗ ಅದೇ ಕಡೇಗೆ.