ಮಳೆಗಾಲಕ್ಕೆ ಮುನ್ನ ಊರಿನ ಸ್ವಯಂಸೇವಕರಿಗೆ ಏನು ಕಲಿಸಬೇಕು?

ಪ್ರಶ್ನೆ (ಮೂಡಿಗೆರೆ ತಾಲ್ಲೂಕಿನ ಸದಸ್ಯರು):
ನಮಸ್ಕಾರ ಸರ್. ನಮ್ಮದು ಚಾರ್ಮಾಡಿ ಘಾಟಿಯ ಕಡೆಗಿರುವ ಅರವತ್ತು ಮನೆಗಳ ಊರು. 2019ರ ಆಗಸ್ಟ್‌ನಲ್ಲಿ ತಾಲ್ಲೂಕಿನ ಗುಡ್ಡಗಳು ಕುಸಿದಾಗ ನಮ್ಮ ರಸ್ತೆಯೂ ಮುಚ್ಚಿಹೋಗಿ, ಹೊರಗಿನವರು ಬಂದು ಮುಟ್ಟುವ ತನಕ ನಮ್ಮನ್ನು ನಾವೇ ನೋಡಿಕೊಳ್ಳಬೇಕಾಯಿತು. ಹುಡುಗರಲ್ಲಿ ಹುಮ್ಮಸ್ಸಿಗೆ ಕೊರತೆ ಇರಲಿಲ್ಲ. ಯಾರು ಏನು ಮಾಡಬೇಕೆಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಈ ಸಲ ಇಪ್ಪತ್ತು ಜನರ ತಂಡ ಕಟ್ಟಬೇಕೆಂದಿದ್ದೇವೆ. ಎಲ್ಲಿಂದ ಆರಂಭಿಸಬೇಕು, ಯಾವ ಸಾಮಾನು ಕೊಳ್ಳಬೇಕು?

ಉತ್ತರ (ಅಗ್ನಿಶಾಮಕ ಸೇವೆಯಿಂದ ನಿವೃತ್ತರಾದ ತರಬೇತುದಾರರು):
ಸಾಮಾನಿನ ಮಾತು ಕೊನೆಗಿರಲಿ. ಮೊದಲು ಒಂದು ನೋಟ್‌ಬುಕ್ ಹಿಡಿದು ಮನೆಮನೆಗೂ ಹೋಗಿ, ಹಾಸಿಗೆ ಹಿಡಿದವರು, ಬಾಣಂತಿಯರು, ಡಯಾಲಿಸಿಸ್‌ಗೆ ಹೋಗುವವರು ಯಾವ ಮನೆಯಲ್ಲಿದ್ದಾರೆ, ಅವರನ್ನು ಎತ್ತಿ ತರಲು ಎಷ್ಟು ಜನ ಬೇಕು ಎಂದು ಬರೆದುಕೊಳ್ಳಿ. ತೋಟದ ಲೈನ್‌ಮನೆಗಳನ್ನು, ಅಂದರೆ ಕಾರ್ಮಿಕರ ಸಾಲುಮನೆಗಳನ್ನು, ದಯವಿಟ್ಟು ಬಿಡಬೇಡಿ. ಹೊರ ರಾಜ್ಯದಿಂದ ಬಂದು ಅಲ್ಲಿರುವ ಕುಟುಂಬಗಳಿಗೆ ನಮ್ಮ ಭಾಷೆಯ ಎಚ್ಚರಿಕೆ ಅರ್ಥವಾಗುವುದಿಲ್ಲ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2016ರಲ್ಲಿ 30 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ ಮುಂದೆ 350 ಜಿಲ್ಲೆಗಳಿಗೆ ವಿಸ್ತರಿಸಿದ, ಸ್ವಯಂಸೇವಕರಿಗಾಗಿರುವ ‘ಆಪದ ಮಿತ್ರ’ ಯೋಜನೆಯ ತರಬೇತಿ 12 ದಿನಗಳದ್ದು. ಅಂಥ ತರಬೇತಿಗೆ ನಿಮ್ಮವರಿಗೆ ಅವಕಾಶವಿದೆಯೇ ಎಂದು ಜಿಲ್ಲಾಧಿಕಾರಿಗಳ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ವಿಚಾರಿಸಿ.

ಊರಿನಲ್ಲೇ ಅಭ್ಯಾಸ ಮಾಡಬೇಕಾದದ್ದೂ ಬಹಳವಿದೆ. ಎರಡು ಗಟ್ಟಿ ಬಿದಿರಿನ ಗಳಗಳನ್ನು, ತಳದ ಎರಡು ಮೂಲೆ ಕತ್ತರಿಸಿದ ಕಾಫಿಯ ಗೋಣಿಚೀಲಗಳೊಳಗೆ ತೂರಿಸಿದರೆ ಸ್ಟ್ರೆಚರ್ ಸಿದ್ಧವಾಗುತ್ತದೆ. ಅದರ ಮೇಲೆ ತಂಡದವರಲ್ಲೇ ತೂಕದವರೊಬ್ಬರನ್ನು ಮಲಗಿಸಿ, ಕೆಸರಿನ ಏರಿನಲ್ಲಿ ನೂರು ಹೆಜ್ಜೆ ಹೊತ್ತು ನೋಡಿ. ನಾಲ್ವರು ಸಾಲದು, ಸರದಿಗೆ ಇನ್ನೂ ನಾಲ್ವರು ಬೇಕೆಂಬುದು ಆಗ ಅರಿವಾಗುತ್ತದೆ. ರಕ್ತ ಸುರಿಯುವ ಗಾಯವನ್ನು ಶುಭ್ರ ಬಟ್ಟೆಯಿಂದ ಬಿಡದೆ ಒತ್ತಿಹಿಡಿಯುವುದು, ಉಸಿರು ನಿಂತವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ ಒತ್ತುವುದು, ಇವೆರಡನ್ನೂ ಆರೋಗ್ಯ ಸಿಬ್ಬಂದಿಯ ಎದುರಿನಲ್ಲಿ ಕೈಯಾರೆ ಮಾಡಿ ಕಲಿಯಬೇಕು. ಹಲವರು ಒಟ್ಟಿಗೆ ಗಾಯಗೊಂಡಿದ್ದರೆ ಕಿರುಚುವವರಿಗಿಂತ ಮೊದಲು ಸದ್ದಿಲ್ಲದೆ ಬಿದ್ದಿರುವವರ ಉಸಿರು ನೋಡಿ. ಹಳ್ಳದಲ್ಲಿ ಕೊಚ್ಚಿಹೋಗುವವರಿಗೆ ಹಗ್ಗವನ್ನೋ ಗಾಳಿ ತುಂಬಿದ ಟ್ಯೂಬನ್ನೋ ಎಸೆಯಿರಿ, ನೀವು ಧುಮುಕಬೇಡಿ. ಸಿಲ್ವರ್ ಓಕ್ ಮುರಿದು ತಂತಿಯ ಮೇಲೆ ಬಿದ್ದಿದ್ದರೆ, ಮೆಸ್ಕಾಂನವರು ವಿದ್ಯುತ್ ಕಡಿದದ್ದು ಖಚಿತವಾಗುವ ತನಕ ಯಾರೂ ಹತ್ತಿರ ಸುಳಿಯಕೂಡದು.

ಮರುಪ್ರಶ್ನೆ (ಸಕಲೇಶಪುರದ ಸದಸ್ಯರು):
ಸರ್, ಮಣ್ಣಿನಡಿಯಲ್ಲಿ ನಮ್ಮವರೇ ಸಿಕ್ಕಿಕೊಂಡಿರುವಾಗ ಕೈಕಟ್ಟಿ ನಿಲ್ಲುವುದಾದರೂ ಹೇಗೆ?

ಉತ್ತರ:
ನಿಲ್ಲಿ ಎಂದು ನಾನು ಹೇಳುವುದಿಲ್ಲ, ಅಮ್ಮ. ಆದರೆ ಒಮ್ಮೆ ಕುಸಿದ ಗುಡ್ಡ ಮತ್ತೊಮ್ಮೆ ಕುಸಿಯಬಲ್ಲದು. ಅಗೆಯುವವರೂ ಅದರಡಿ ಹೋದರೆ ಕಾಪಾಡಲು ಯಾರೂ ಉಳಿಯುವುದಿಲ್ಲ. ಆದ್ದರಿಂದ ತುರ್ತು ಕರೆ ಸಂಖ್ಯೆ 112ಕ್ಕೆ ತಿಳಿಸಿದ ಕೂಡಲೇ, ಕುಸಿತದ ಪಕ್ಕದ ಸುರಕ್ಷಿತ ಎತ್ತರದಲ್ಲಿ ಸೀಟಿಯೊಂದಿಗೆ ಒಬ್ಬರನ್ನು ಕಾವಲು ನಿಲ್ಲಿಸಿ. ನೆಲದ ಬಿರುಕು ಅಗಲವಾದರೆ, ಮರಗಳು ವಾಲಿದರೆ, ಹರಿಯುತ್ತಿದ್ದ ಹಳ್ಳದ ನೀರು ಏಕಾಏಕಿ ಇಳಿದರೆ ಅಥವಾ ಕೆಂಪಾದರೆ ಅವರು ಸೀಟಿ ಊದಬೇಕು, ಕೇಳಿದವರೆಲ್ಲ ಮೊದಲೇ ಗೊತ್ತುಮಾಡಿದ ದಾರಿಯಲ್ಲಿ ಪಕ್ಕಕ್ಕೆ ಸರಿಯಬೇಕು. ಆಗಾಗ ಎಲ್ಲರೂ ಕೆಲಸ ನಿಲ್ಲಿಸಿ, ಹೆಸರು ಹಿಡಿದು ಕೂಗಿ, ಒಂದು ನಿಮಿಷ ಮೌನವಾಗಿ ಆಲಿಸಬೇಕು. ಮನೆಯವರು ಕೊನೆಯದಾಗಿ ಯಾವ ಕೋಣೆಯಲ್ಲಿದ್ದರೆಂದು ಬಂಧುಗಳನ್ನು ಕೇಳಿ ತಿಳಿಯದೆ ಜೆಸಿಬಿಯನ್ನು ಇಳಿಸಬೇಡಿ.