ಅಪ್‌ಡೇಟ್: ಟ್ಯಾಂಕ್ ಒಳಗಿನ ಪೈಪಿಗೆ ಆರ್10 ದರ್ಜೆಯದು ಮಾತ್ರ

ಕಾರಿನ ಪೆಟ್ರೋಲ್ ಟ್ಯಾಂಕ್ ಒಳಗೆ ಪಂಪ್‌ನಿಂದ ಮುಚ್ಚಳದವರೆಗಿನ ಗಿಡ್ಡ ಪೈಪಿಗೆ ಇಂಜೆಕ್ಷನ್ ಹೋಸ್ (ಹೆಚ್ಚು ಒತ್ತಡದ ಇಂಧನ ಪೈಪ್) ಸಾಕೇ ಎಂದು ಕೇಳಿದ್ದೆ. ಸಾಲದು ಮಾರಾಯ್ರೆ. ತೆಗೆದ ತುಂಡಿನ ಒಳಮೈ ನಯವಾಗಿಯೇ ಇದೆ. ಹೊರಮೈ ಮಾತ್ರ ಉಬ್ಬಿ, ಉಗುರು ತಾಗಿಸಿದರೆ ಕಪ್ಪು ಮೆತ್ತಿಕೊಳ್ಳುತ್ತದೆ. ಕ್ಲಿಪ್ ಪಕ್ಕದಲ್ಲಿ ಉದ್ದ ಸೀಳು. ಮೇಲೆ ಅಚ್ಚಾಗಿದ್ದದ್ದು ಆರ್9, ಅಂದರೆ ಇಂಜೆಕ್ಷನ್ ಹೋಸ್‌ನ ದರ್ಜೆ. ಅದು ಒತ್ತಡ ತಡೆಯುತ್ತದೆ ನಿಜ, ಆದರೆ ಹೊರಪದರ ಪೆಟ್ರೋಲ್‌ನಲ್ಲಿ ಮುಳುಗಿರಲು ಮಾಡಿದ್ದಲ್ಲ. ಈಗಿನ ಶೇ 20 ಎಥನಾಲ್ ಮಿಶ್ರಣದಲ್ಲಂತೂ ಸಾಮಾನ್ಯ ರಬ್ಬರ್ ಇನ್ನೂ ಬೇಗ ಕೆಡುತ್ತದೆ.

ಸೋರಿದ್ದು ಟ್ಯಾಂಕಿಗೇ ಬೀಳುವುದರಿಂದ ವಾಸನೆಯೂ ಇಲ್ಲ, ಕಲೆಯೂ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗಲು ತಡ, ಆಗುಂಬೆ ಘಾಟಿಯಲ್ಲಿ ಎಳೆತ ಕಡಿಮೆ, ಅಷ್ಟೇ. ಇಷ್ಟಕ್ಕೇ ಪಂಪ್ ಬದಲಿಸಬೇಡಿ.

ಬೇಕಾದದ್ದು ಎಸ್‌ಎಇ ಜೆ30ಆರ್10, ಇಂಧನದಲ್ಲಿ ಮುಳುಗಿರಲೆಂದೇ ಮಾಡಿದ ಪೈಪಿನ ದರ್ಜೆ. ಮಂಗಳೂರಿನ ಅಂಗಡಿಗಳಲ್ಲಿ ‘ಪೆಟ್ರೋಲ್ ಪೈಪ್’ ಎಂದು ಕೇಳಿದರೆ ಸಾಮಾನ್ಯದ್ದೇ ಕೈಗೆ ಬರುತ್ತದೆ. ಆರ್10 ಅಚ್ಚು ಕಣ್ಣಾರೆ ನೋಡಿ. ದುಬಾರಿ, ಆದರೆ ಬೇಕಾಗುವುದು ಗೇಣುದ್ದ ಮಾತ್ರ. ಪೈಪ್ ಕೂರುವ ಮೂತಿ (ನಿಪ್ಪಲ್) ಅಳೆದೇ ತನ್ನಿ, 8 ಮಿ.ಮೀ.ಗೆ 5/16 ಇಂಚಿನದು ಕೂರುತ್ತದೆ. ಸೀಳುಗಂಡಿಯ ಸ್ಕ್ರೂ ಕ್ಲಿಪ್ ಪೈಪನ್ನು ಕೊಯ್ಯುತ್ತದೆ, ಅಂಚು ಮಡಚಿದ ಇಂಜೆಕ್ಷನ್ ಕ್ಲಿಪ್ಪೇ ಹಾಕಿ. ಪೈಪ್ ಎಲ್ಲೂ ಮಡಚಿಕೊಳ್ಳಬಾರದು.

ಬಿಚ್ಚುವ ಮೊದಲು ಪಂಪ್ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ. ಪಂಪ್‌ನ ಜಾಲರಿಯಲ್ಲಿ ಸಿಕ್ಕಿದ ರಬ್ಬರ್ ಚೂರು ನೋಡಿ ಜಾಲರಿಯನ್ನೂ ಬದಲಿಸಿದೆ. ಇಂಧನ ಒತ್ತಡದ ಗೇಜ್ ಈಗ 3 ಬಾರ್‌ನಲ್ಲಿ ಕದಲದೆ ನಿಂತಿದೆ.